ಲಕ್ಕಮ್ಮ ಮರಳಿಸಿದ ಅಕ್ಕಿ

ಶರಣರ ಮಾತುಗಳಲ್ಲಿ ಒಂದು ಮಾತಿಗೆ ಒದಗಿದಷ್ಟು ಪ್ರಚಾರ ಇನ್ನಾವ ಮಾತಿಗೂ ಒದಗಿಲ್ಲ. ಅದು ಕಾಯಕವನ್ನು ಕೈಲಾಸವೆಂದು ಸಾರಿದ, ಎರಡೇ ಪದಗಳ ಮಾತು. ಸರಕಾರಿ ಕಚೇರಿಗಳ ಗೋಡೆಯ ಮೇಲೆ, ಸಹಕಾರಿ ಸಂಘಗಳ ದಿನದರ್ಶಿಕೆಯಲ್ಲಿ, ಬಸ್ಸಿನಲ್ಲಿ ಚಾಲಕನ ತಲೆಯ ಮೇಲ್ಗಡೆ, ಶಾಲೆಯ ಹೆಬ್ಬಾಗಿಲಲ್ಲಿ ಅದನ್ನು ನೀವು ಕಂಡಿದ್ದೀರಿ. ಹಲವೆಡೆ ಅದರ ಕೆಳಗೆ ಬಸವಣ್ಣನವರ ಹೆಸರನ್ನೂ ಕಂಡಿರಬಹುದು. ವಸ್ತುತಃ ಆ ಮಾತು ನಮಗೆ ದೊರೆಯುವುದು ಆಯ್ದಕ್ಕಿ ಮಾರಯ್ಯನ ವಚನವೊಂದರಲ್ಲಿ. ಹೆಸರು ತಪ್ಪಿದುದು ಅಷ್ಟು ದೊಡ್ಡ ದೋಷವಲ್ಲ. ಬಸವಣ್ಣನವರ ಬಳಗದಲ್ಲಿ ಹುಟ್ಟಿದ ಮಾತು ಬಸವಣ್ಣನವರದೆಂದು ಜನ ನಂಬಿದರೆ ಮಾರಯ್ಯನೇನೂ ಬೇಸರಪಡುತ್ತಿರಲಿಲ್ಲ. ಆದರೆ ಮಾತು ತನ್ನ ವಚನದಿಂದ ಕಳಚಿಕೊಂಡು ಗೋಡೆಗೆ ಏರಿದಾಗ ಅದರ ಅರ್ಥಕ್ಕೆ ಏನಾಯಿತೆಂಬುದನ್ನು ವಿಚಾರಿಸಬೇಕಾಗಿದೆ. ಪ್ರಸ್ತುತ ಲೇಖನದ ಉದ್ದೇಶ ಇಷ್ಟೇ: ಮಾರಯ್ಯನ ಆ ವಚನವನ್ನೂ, ಅವನ ಮಡದಿ ಲಕ್ಕಮ್ಮನ ಕೆಲವು ವಚನಗಳನ್ನೂ ಜೊತೆಗಿರಿಸಿ ಓದುವುದು.

ಈ ಓದಿಗೆ ನನ್ನನ್ನು ಹಚ್ಚಿದ ಪ್ರಸಂಗವನ್ನು ಮೊದಲು ಹೇಳಿಬಿಡುತ್ತೇನೆ. ಅದರಲ್ಲಿ ನನ್ನ ಅವಿವೇಕವೇ ಹೆಚ್ಚಾಗಿರುವುದರಿಂದ ಮುಚ್ಚಿಡುವುದು ಸಲ್ಲದು. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಕೆಲವು ವರ್ಷಗಳ ಹಿಂದೆ ಒಂದು ಪಟ್ಟಣದಲ್ಲಿ ಪೌರಕಾರ್ಮಿಕರಿಗೆ ಶಾಲು ಹೊದಿಸಿ ಗೌರವಿಸುವ ಸಮಾರಂಭವಿತ್ತು. ಭಾಷಣಕ್ಕೆ ನನ್ನನ್ನು ಕರೆದಿದ್ದರು. ಅರ್ಧ ಗಂಟೆ ಕಾಯಕತತ್ತ್ವದ ಮೇಲೆ ಮಾತನಾಡಿದೆ. ಕಸಬರಿಗೆಯೂ ಲಿಂಗಕ್ಕೆ ಸಮಾನವೆಂದೆ, ಬೀದಿಯೇ ದೇವಾಲಯವೆಂದೆ. ಸಭೆ ಚಪ್ಪಾಳೆ ತಟ್ಟಿತು. ಇಳಿದು ಬರುವಾಗ ಶಾಲು ಮಡಚಿ ಕಂಕುಳಲ್ಲಿ ಹಿಡಿದುಕೊಂಡಿದ್ದ ವಯಸ್ಸಾದ ಹೆಣ್ಣುಮಗಳೊಬ್ಬಳು ನನ್ನನ್ನು ನಿಲ್ಲಿಸಿದಳು. "ಮಾಸ್ತರ್ರ, ಛಲೋ ಮಾತಾಡಿದ್ರಿ. ನಾವು ಮಾಡೂದು ಕೈಲಾಸ ಅಂದ್ರಿ. ಮೂರು ತಿಂಗಳಾತು ಪಗಾರ ಆಗಿಲ್ರಿ. ಆ ಕೈಲಾಸದಾಗ ಪಗಾರ ಯಾರು ಕೊಡ್ತಾರ್ರಿ?" ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಮನೆಗೆ ಬಂದು ಲಕ್ಕಮ್ಮನ ವಚನಗಳನ್ನು ತೆರೆದೆ.

ಮಾರಯ್ಯ-ಲಕ್ಕಮ್ಮ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದೂ, ಬಸವಾದಿ ಪ್ರಮಥರ ಕೀರ್ತಿಯನ್ನು ಕೇಳಿ ಕಲ್ಯಾಣಕ್ಕೆ ಬಂದವರೆಂದೂ ಪ್ರತೀತಿಯಿದೆ. ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮ ಅದಕ್ಕೆ ಗಂಡನ ಹೆಸರನ್ನು ಸೇರಿಸಿ ಮಾರಯ್ಯಪ್ರಿಯ ಅಮರೇಶ್ವರಲಿಂಗವೆಂದು ಕರೆದುಕೊಂಡಳು. ಅಂಗಳದಲ್ಲಿ, ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದನ್ನೇ ಅಟ್ಟು ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಅವರ ಕಥೆ ನಮಗೆ ವಿಸ್ತಾರವಾಗಿ ಸಿಗುವುದು ಶೂನ್ಯಸಂಪಾದನೆಯಲ್ಲಿ. ಈ ಕೃತಿಯ ಮೊದಲ ಸಂಕಲನಕಾರ ಶಿವಗಣಪ್ರಸಾದಿ ಮಹದೇವಯ್ಯ ಹದಿನೈದನೆಯ ಶತಮಾನದವನು. ಎಂದರೆ ಕಲ್ಯಾಣದ ಘಟನೆಗಳಿಗೂ ಈ ಕಥನಕ್ಕೂ ನಡುವೆ ಸುಮಾರು ಮೂರು ಶತಮಾನಗಳ ಅಂತರವಿದೆ. ವಚನ ಬೇರೆ, ವಚನಕ್ಕೆ ಸುತ್ತಿಕೊಂಡ ಕಥೆ ಬೇರೆ ಎಂಬ ಎಚ್ಚರ ನಮಗಿರಬೇಕು. ಆದರೂ ಲಕ್ಕಮ್ಮನ ವಚನಗಳ ವಿಷಯದಲ್ಲಿ ಈ ಎಚ್ಚರವನ್ನು ಅತಿಗೆ ಒಯ್ಯಬೇಕಾಗಿಲ್ಲ. ಅವು ಯಾರಿಗೋ, ಯಾವುದೋ ಗಳಿಗೆಯಲ್ಲಿ, ಎದುರಿಗೆ ನಿಂತು ಆಡಿದ ಮಾತುಗಳೆಂಬುದು ಓದಿದೊಡನೆ ಗೊತ್ತಾಗುತ್ತದೆ. ಕಥೆಯನ್ನು ತೆಗೆದುಹಾಕಿದರೂ ಬಾಗಿಲಲ್ಲಿ ನಿಂತ ಗಂಡಸು, ಅವನ ಉಡಿಯಲ್ಲಿದ್ದ ಅಕ್ಕಿ ಉಳಿದೇ ಉಳಿಯುತ್ತವೆ.

ಈ ವಚನಗಳು ಓಲೆಗರಿಗಳಿಂದ ನಮ್ಮ ಕೈಗೆ ಬಂದುದೂ ಒಬ್ಬರ ದುಡಿಮೆಯಿಂದಲೇ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಇಂದು ಸರಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಹದಿನೈದು ಇವೆ. ಅವುಗಳಲ್ಲಿ ಐದನೆಯದು ಶಿವಶರಣೆಯರ ವಚನಗಳದು. ಲಕ್ಕಮ್ಮನನ್ನು ಅಲ್ಲಿ ಕಾಣಬಹುದು.

ಈಗ ಮಾರಯ್ಯನ ವಚನಕ್ಕೆ ಬರೋಣ. ಅದರ ತಾತ್ಪರ್ಯ ಹೀಗಿದೆ: ಕಾಯಕದಲ್ಲಿ ತೊಡಗಿರುವವನು ಗುರುವಿನ ದರ್ಶನ ಒದಗಿದರೂ ಅದನ್ನು ಮರೆಯಬೇಕು, ಲಿಂಗಪೂಜೆಯ ಹೊತ್ತಾದರೂ ಮರೆಯಬೇಕು, ಜಂಗಮನೇ ಬಂದು ಮುಂದೆ ನಿಂತರೂ ಅವನ ಹಂಗನ್ನು ಹರಿದುಕೊಳ್ಳಬೇಕು. ಇದಕ್ಕೆ ಕಾರಣವೇನೆಂದರೆ ಕೈಲಾಸವೆಂಬುದು ಕಾಯಕವೇ. ಅಮರೇಶ್ವರಲಿಂಗವೂ ಕಾಯಕದ ಒಳಗೇ ಇದೆ. ಗೋಡೆಯ ಮೇಲಿನ ಮಾತು ಮೂಲದಲ್ಲಿ ಕಾರಣವನ್ನು ಹೇಳುವ ಒಂದು ಉಪವಾಕ್ಯ ಮಾತ್ರ ಎಂಬುದನ್ನು ವಾಚಕರು ಗಮನಿಸಬೇಕು. ಯಾವುದಕ್ಕೆ ಕಾರಣ? ಗುರು-ಲಿಂಗ-ಜಂಗಮರೆದುರು ಕೂಡ ದುಡಿಯುವವನು ತನ್ನ ಕೆಲಸವನ್ನು ಬಿಟ್ಟು ಏಳಬೇಕಾಗಿಲ್ಲ ಎಂಬುದಕ್ಕೆ. ವಚನದ ಒತ್ತು ಇರುವುದು ಹಂಗು ಹರಿಯುವುದರಲ್ಲಿ. ದುಡಿಯುವವನ ಮೇಲೆ ಯಾರ ಅಧಿಕಾರ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಮಾರಯ್ಯ ಕೊಟ್ಟ ಉತ್ತರವಿದು. ನಾವು ಕಾರಣವನ್ನಷ್ಟೇ ಕತ್ತರಿಸಿ ತೆಗೆದು ಗೋಡೆಗೆ ಹಚ್ಚಿದೆವು; ಫಲಿತಾಂಶವನ್ನು ಪುಸ್ತಕದಲ್ಲಿಯೇ ಬಿಟ್ಟೆವು. ಹೀಗಾಗಿ ದುಡಿಯುವವನನ್ನು ಎತ್ತಿ ನಿಲ್ಲಿಸಬೇಕಾದ ಮಾತು ಅವನನ್ನು ಸುಮ್ಮನಿರಿಸುವ ಮಾತಾಯಿತು. ಆ ಸಮಾರಂಭದಲ್ಲಿ ನಾನು ಮಾಡಿದ್ದೂ ಅದನ್ನೇ.

ಮಠದ ಪತ್ರಿಕೆಯಲ್ಲಿ ಇದನ್ನು ಬರೆಯುವಾಗ ಸ್ವಲ್ಪ ಅಳುಕಾಗುವುದು ಸಹಜ. ಗುರುದರ್ಶನವನ್ನೂ ಮರೆಯಬೇಕೆಂಬ ಮಾತನ್ನು ಗುರುಪೀಠದ ನೆರಳಿನಲ್ಲಿ ಕುಳಿತು ವಿವರಿಸುವುದು ಹೇಗೆ? ಆದರೆ ಶರಣಪರಂಪರೆಯೇ ಈ ಕಥೆಗಳನ್ನು ಕಾಪಾಡಿಕೊಂಡು ಬಂದಿದೆ. ನುಲಿಯ ಚಂದಯ್ಯನ ಕಥೆ ನಿಮಗೆ ತಿಳಿದದ್ದೇ. ಹಗ್ಗ ಹೊಸೆಯಲು ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ನೀರಿಗೆ ಬಿತ್ತು. ಅವನು ಹುಲ್ಲಿನ ಹೊರೆ ಹೊತ್ತು ನಡೆದೇಬಿಟ್ಟ. ಲಿಂಗವೇ ಅವನ ಬೆನ್ನುಹತ್ತಿ ಬಂತು. ಇಂಥ ಕಥೆಯನ್ನು ಕಟ್ಟಿದವರು, ಕಟ್ಟಿದ್ದನ್ನು ಗ್ರಂಥದಲ್ಲಿ ಬರೆದಿಟ್ಟವರು ಮಠಗಳ ವಿರಕ್ತರೇ ಆಗಿದ್ದರು. ಅವರಿಗೆ ಇಲ್ಲದ ಅಳುಕು ನಮಗೇಕೆ?

ಇನ್ನು ಲಕ್ಕಮ್ಮ. ಮಾರಯ್ಯ ತತ್ತ್ವವನ್ನು ಹೇಳಿದನು. ಲಕ್ಕಮ್ಮ ಅದನ್ನು ಅಳತೆಗೆ ಹಿಡಿದಳು. ಅವಳ ಮೂರು ವಚನಗಳನ್ನು ಇಲ್ಲಿ ವಿಶೇಷವಾಗಿ ನೋಡಬೇಕು.

ಒಂದನೆಯದು ಗಂಡ ಕಾಯಕವನ್ನು ಮರೆತ ಸಂದರ್ಭದ್ದು. ಶರಣರ ಗೋಷ್ಠಿಯಲ್ಲಿ ಅನುಭಾವದ ಮಾತಿನಲ್ಲಿ ಮುಳುಗಿ ಮಾರಯ್ಯ ಹೊತ್ತು ಕಳೆದುದನ್ನು ಕಂಡ ಲಕ್ಕಮ್ಮ, ಕಾಯಕ ನಿಂತುಹೋಗಿದೆ, ಏಳು, ಶರಣರ ಮನೆಯ ತಿಪ್ಪೆಯ ಬದಿಯ ಅಕ್ಕಿಯನ್ನು ಶುದ್ಧಭಾವದಿಂದ ಆಯ್ದು ತಾ ಎಂದು ಅವಸರಪಡಿಸುತ್ತಾಳೆ. ಈ ಪುಟ್ಟ ವಚನದ ಕಟ್ಟಡವನ್ನು ನೋಡಿ. ಆರಂಭದಲ್ಲಿ ಗಂಡನನ್ನು ಒಡೆಯನೆಂದು ಸಂಬೋಧಿಸುತ್ತಾಳೆ. ಮುಗಿಸುವ ಹೊತ್ತಿಗೆ ಹೆಸರು ಹಿಡಿದು ಕರೆಯುತ್ತಾಳೆ. ನಾಲ್ಕು ಸಾಲು ಮುಗಿಯುವುದರೊಳಗೆ ಒಡೆಯ ಹೋಗಿ ಮಾರಯ್ಯ ಉಳಿದಿದ್ದಾನೆ. ಇನ್ನೊಂದು ಅಂಶವೂ ಗಮನಾರ್ಹ. ಆ ಅಕ್ಕಿ ಎಲ್ಲಿದೆ? ತಿಪ್ಪೆಯ ಅಂಚಿನಲ್ಲಿ. ಲಕ್ಕಮ್ಮ ಆ ಸ್ಥಳವನ್ನು ಮರೆಮಾಚುವುದಿಲ್ಲ; ಅದಕ್ಕೆ ಸುಂದರವಾದ ಬೇರೆ ಹೆಸರನ್ನೂ ಇಡುವುದಿಲ್ಲ. ಅನುಭವಮಂಟಪದ ಚರ್ಚೆಯೂ ತಿಪ್ಪೆಯ ಬದಿಯ ಅಕ್ಕಿಯೂ ಒಂದೇ ವಚನದಲ್ಲಿ ಎದುರುಬದುರಾಗಿವೆ. ಅವಳು ಆರಿಸಿಕೊಂಡದ್ದು ಎರಡನೆಯದನ್ನು. ಇಂದು ಮಾರಯ್ಯನ ಕಾಯಕಕ್ಕೆ ಹತ್ತಿರವಾದ ಕೆಲಸ ಯಾವುದೆಂದು ಯೋಚಿಸಿದರೆ ಬೆಳಗಿನ ಜಾವ ಬೀದಿಯಲ್ಲಿ ಚೀಲ ಹೊತ್ತು ಚಿಂದಿ ಆಯುವವರ ನೆನಪಾಗುತ್ತದೆ. ಅವರಲ್ಲಿ ಒಬ್ಬನನ್ನು ನಾವು ಪಂಕ್ತಿಯ ಮೊದಲ ಸಾಲಿನಲ್ಲಿ ಕೂರಿಸಿ ನೋಡಿದ್ದೇವೆಯೇ?

ಎರಡನೆಯ ಮತ್ತು ಮೂರನೆಯ ವಚನಗಳು ಹೆಚ್ಚು ಅಕ್ಕಿ ತಂದ ದಿನದವು. ಬಸವಣ್ಣನವರು ಈ ದಂಪತಿಗಳನ್ನು ಪರೀಕ್ಷಿಸಲೆಂದು ಅಂದು ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದರೆಂದು ಕಥೆ ಹೇಳುತ್ತದೆ. ಮಾರಯ್ಯ ಎಂದಿಗಿಂತ ಹೆಚ್ಚಾಗಿ ಆಯ್ದು ತಂದ. ಲಕ್ಕಮ್ಮ ಉಡಿಯನ್ನು ನೋಡಿಯೇ ತಿಳಿದುಕೊಂಡಳು. ಆಸೆ ಅರಸರಿಗಿರಲಿ, ಕೋಪ ಯಮನ ದೂತರಿಗಿರಲಿ, ಶಿವಭಕ್ತರಿಗೆ ಅವೇಕೆ; ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ ಬಂತು; ಈಶ್ವರ ಇದನ್ನು ಒಪ್ಪುವುದಿಲ್ಲ, ಇದು ಲಿಂಗಕ್ಕೆ ದೂರವಾದದ್ದು ಎನ್ನುತ್ತಾಳೆ. ಮತ್ತೊಂದು ವಚನದಲ್ಲಿ ಇನ್ನೂ ಮುಂದೆ ಹೋಗುತ್ತಾಳೆ. ಒಂದು ಮನಸ್ಸು ಬಿಟ್ಟು ಎರಡು ಮನಸ್ಸಿನಿಂದ ತಂದಿರುವಿರಲ್ಲ, ಇದು ನಿಮ್ಮ ಮನಸ್ಸೋ ಅಥವಾ ಬಸವಣ್ಣನ ಸಂಶಯದ ಮನಸ್ಸೋ ಎಂದು ಕೇಳಿ, ಲಿಂಗಕ್ಕೆ ಸಲ್ಲದ ಈ ಎಡೆಯನ್ನು ತಂದಲ್ಲಿಯೇ ಸುರಿದು ಬನ್ನಿ, ನಮಗೆ ಎಂದಿನಷ್ಟೇ ಸಾಕು ಎನ್ನುತ್ತಾಳೆ.

ಈ ವಚನಗಳನ್ನು ಸಾಮಾನ್ಯವಾಗಿ ಅಪರಿಗ್ರಹದ ದೃಷ್ಟಾಂತವೆಂದು ಪಾಠ ಹೇಳುವುದುಂಟು. ನಾನೂ ಮೂವತ್ತು ವರ್ಷ ಹಾಗೆಯೇ ಹೇಳಿದೆ. ಆ ಅರ್ಥ ತಪ್ಪಲ್ಲ, ಸಾಲದು. ಲಕ್ಕಮ್ಮನ ಆಕ್ಷೇಪದಲ್ಲಿ ಎರಡು ಮುಖಗಳಿವೆ. ಒಂದು ಗಂಡನ ಕಡೆಗೆ: ದಿನದ ಅಗತ್ಯವನ್ನು ಮೀರಿದೊಡನೆ ಆಯುವ ಕೆಲಸ ಆಯುವ ಕೆಲಸವಾಗಿ ಉಳಿಯಲಿಲ್ಲ, ಕೈ ಅಕ್ಕಿಯ ಮೇಲಿದ್ದರೂ ಮನಸ್ಸು ನಾಳೆಯ ಮೇಲಿತ್ತು. ಮನಸ್ಸು ಎರಡಾದುದು ಹಾಗೆ. ಇನ್ನೊಂದು ಮುಖ ಬಸವಣ್ಣನವರ ಕಡೆಗೆ. ಬೀದಿಯಲ್ಲಿ ಅಕ್ಕಿ ಅಷ್ಟೊಂದು ಚೆಲ್ಲಿದ್ದೇಕೆ, ಚೆಲ್ಲಿದವನ ಮನಸ್ಸಿನಲ್ಲಿ ಏನಿತ್ತು ಎಂದು ಅವಳು ನೇರವಾಗಿ ಕೇಳುತ್ತಾಳೆ. ಬಿಜ್ಜಳನ ಭಂಡಾರಿಯಾಗಿದ್ದವನ ಚಿತ್ತವನ್ನು ಅಕ್ಕಿ ಆಯುವವನ ಹೆಂಡತಿ ಶಂಕಿಸುತ್ತಾಳೆ. ಪಡೆಯುವವರ ಶುದ್ಧಿಯನ್ನಷ್ಟೇ ಪರೀಕ್ಷಿಸುವ ಸಮಾಜದಲ್ಲಿ ಕೊಡುವವನ ಶುದ್ಧಿಯನ್ನೂ ಅವಳು ಪರೀಕ್ಷೆಗೆ ಒಡ್ಡಿದ್ದಾಳೆ. ಕಾಯಕದ ಮಾತನ್ನಾಡುವ ನಾವು ಈ ಅರ್ಧವನ್ನು ಬಿಟ್ಟೇ ಓದುತ್ತ ಬಂದಿದ್ದೇವೆ.

ಕಾಯಕತತ್ತ್ವವನ್ನು ಪಾಶ್ಚಾತ್ಯ ಚಿಂತಕ ಮ್ಯಾಕ್ಸ್ ವೇಬರನ ವಿಚಾರಗಳೊಡನೆ ಹೋಲಿಸುವ ಪರಿಪಾಠ ನಮ್ಮ ವಿದ್ವಾಂಸರಲ್ಲಿದೆ. ವೇಬರ್ 1904-05ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಪ್ರಾಟೆಸ್ಟಂಟ್ ಕ್ರೈಸ್ತರು ತಮ್ಮ ವೃತ್ತಿಯನ್ನು ದೈವದ ಕರೆಯೆಂದು ಭಾವಿಸಿ ದುಡಿದದ್ದು, ಗಳಿಸಿದ್ದನ್ನು ಭೋಗಿಸದೆ ಉಳಿಸಿದ್ದು ಬಂಡವಾಳದ ಬೆಳವಣಿಗೆಗೆ ನೆರವಾಯಿತೆಂದು ವಾದಿಸಿದ. ವೃತ್ತಿಗೆ ದೈವಿಕ ಗೌರವ ಕೊಟ್ಟುದರಲ್ಲಿ ಹೋಲಿಕೆ ನಿಜವೇ. ಮುಂದಿನ ಹೆಜ್ಜೆಯಲ್ಲಿ ಮಾತ್ರ ಅದು ಮುರಿದುಬೀಳುತ್ತದೆ. ಅಲ್ಲಿ ಉಳಿದದ್ದು ಕೂಡಿಬಿದ್ದು ಬಂಡವಾಳವಾಗುತ್ತದೆ. ಇಲ್ಲಿ ಉಳಿಯುವಷ್ಟು ತಂದರೆ ಲಕ್ಕಮ್ಮ ಬಾಗಿಲಿಂದಲೇ ಹಿಂದಕ್ಕೆ ಕಳುಹಿಸುತ್ತಾಳೆ. ಶರಣರ ಕಾಯಕಕ್ಕೆ ದಾಸೋಹವೆಂಬ ಇನ್ನೊಂದು ತುದಿಯಿದೆ. ಅದನ್ನು ಬಿಟ್ಟು ಕಾಯಕವನ್ನಷ್ಟೇ ಹೊಗಳುವುದು ಒಂದೇ ಗಾಲಿಯ ಬಂಡಿಯನ್ನು ಹೊಗಳಿದಂತೆ.

ಇಲ್ಲಿ ನನ್ನ ಬಾಲ್ಯದ ನೆನಪೊಂದನ್ನು ಹೇಳಲು ವಾಚಕರ ಅಪ್ಪಣೆ ಬೇಡುತ್ತೇನೆ. ನಿಮ್ಮಲ್ಲಿ ಅನೇಕರಂತೆ ನಾನೂ ಪ್ರಸಾದನಿಲಯದ ಅನ್ನ ಉಂಡು ಬೆಳೆದವನು. ಮಠಕ್ಕೆ ಅಕ್ಕಿ ಬರುತ್ತಿದ್ದುದು ಹತ್ತಾರು ಹಳ್ಳಿಗಳ ಭಕ್ತರಿಂದ. ಒಬ್ಬರದು ಕೆಂಪಕ್ಕಿ, ಒಬ್ಬರದು ಸಣ್ಣಕ್ಕಿ, ಇನ್ನೊಬ್ಬರದು ನುಚ್ಚೇ ಹೆಚ್ಚು. ಎಲ್ಲವೂ ಒಂದೇ ಚೀಲದಲ್ಲಿ ಬೆರೆತಿರುತ್ತಿದ್ದವು. ಹರಳು, ಹುಲ್ಲಿನ ಬೀಜ, ಭತ್ತ ಬೇರೆ. ಭಾನುವಾರ ಮುಂಜಾನೆ ನಾವು ಹತ್ತು-ಹನ್ನೆರಡು ಹುಡುಗರು ಮೊರ ಹಿಡಿದು ದಾಸೋಹಮನೆಯ ಪಡಸಾಲೆಯಲ್ಲಿ ಕೂಡಬೇಕು. ನನಗೆ ಅದು ಶಿಕ್ಷೆಯಾಗಿತ್ತು. ಹೊರಗೆ ಬಯಲಿನಲ್ಲಿ ಉಳಿದವರ ಆಟದ ಕೂಗು ಕೇಳಿಸುತ್ತಿದ್ದರೆ ನನ್ನ ಕೈ ಮೊರದ ಮೇಲೆ ಸುಮ್ಮನೆ ಓಡಾಡುತ್ತಿತ್ತು. ಅಡುಗೆಯ ಮೇಲ್ವಿಚಾರಣೆಯ ಹಿರಿಯರೊಬ್ಬರಿದ್ದರು, ಓದು ಬಾರದವರು. ಅವರು ಬೈದವರಲ್ಲ. ಒಂದು ದಿನ ನಾನು ಆರಿಸಿದ ಅಕ್ಕಿಯನ್ನೇ ಬೇರೆ ಬೋಗುಣಿಯಲ್ಲಿ ಅನ್ನ ಮಾಡಿಸಿ, ಅದನ್ನು ನಮ್ಮ ಸಾಲಿಗೇ ಬಡಿಸಿಸಿದರು. ನನ್ನ ಪಕ್ಕ ಕುಳಿತ ಎರಡನೆಯ ಇಯತ್ತೆಯ ಪುಟ್ಟ ಹುಡುಗನ ಹಲ್ಲಿಗೆ ಹರಳು ಸಿಕ್ಕು ಅವನು ಬಾಯಿ ಹಿಡಿದುಕೊಂಡು ಅತ್ತ. ಹಿರಿಯರು ನನ್ನತ್ತ ನೋಡಲೂ ಇಲ್ಲ. ಮುಂದಿನ ಭಾನುವಾರದಿಂದ ಮೊರದಲ್ಲಿ ನನಗೆ ಅಕ್ಕಿಯ ಜೊತೆಗೆ ಆ ಹುಡುಗನ ಮುಖವೂ ಕಾಣತೊಡಗಿತು. ಕೆಲಸ ಅದೇ, ಬೇಸರವೂ ಸ್ವಲ್ಪಮಟ್ಟಿಗೆ ಅದೇ. ಆದರೆ ಆಟದ ಕೂಗು ಕೇಳಿಸುವುದು ನಿಂತಿತು.

ನನ್ನ ಕೆಲಸಕ್ಕೆ ಅಂದು ಅರ್ಥ ಬಂದದ್ದು ಕೆಲಸದ ಬಗ್ಗೆ ಯಾರೋ ಒಳ್ಳೆಯ ಮಾತು ಹೇಳಿದ್ದರಿಂದಲ್ಲ. ಅದು ಯಾರ ತಟ್ಟೆಗೆ ಹೋಗುತ್ತದೆಂದು ಕಣ್ಣಾರೆ ಕಂಡದ್ದರಿಂದ. ದಾಸೋಹವನ್ನು ನಾವು ದಾನದ ಇನ್ನೊಂದು ಹೆಸರೆಂದು ತಿಳಿದಿದ್ದೇವೆ. ಲಕ್ಕಮ್ಮನನ್ನು ಓದಿದ ಮೇಲೆ ನನಗನ್ನಿಸುತ್ತಿರುವುದು ಬೇರೆ: ದುಡಿಮೆ ಯಾರನ್ನು ಮುಟ್ಟುತ್ತದೆಂಬುದು ದುಡಿದವನಿಗೇ ಕಾಣುವಂತೆ ಮಾಡುವುದೇ ದಾಸೋಹ. ಕಚೇರಿಯಲ್ಲಿ ಕಡತದ ಮೇಲೆ ಸಹಿ ಮಾಡುವ ಗುಮಾಸ್ತನಿಗೆ ಆ ಕಡತದ ವಿಧವೆಯ ಪಿಂಚಣಿ ಕಾಣುವುದಿಲ್ಲ. ಬರಿಯ ಕಡತ ಕಾಣುತ್ತದೆ. ಅವನ ಬೇಸರಕ್ಕೆ ಗೋಡೆಯ ಮೇಲಿನ ಬರಹ ಮದ್ದಲ್ಲ.

ವಚನಗಳಲ್ಲಿ ವೃತ್ತಿ ಬರುವ ಬಗೆ ಎರಡು ತೆರನಾದುದು. ಬಹುಪಾಲು ವಚನಗಳಲ್ಲಿ ವೃತ್ತಿ ಉಪಮಾನವಾಗಿ ಬರುತ್ತದೆ. ತುರುಗಾಹಿ ರಾಮಣ್ಣನ ಹಸುಗಳು, ವೈದ್ಯ ಸಂಗಣ್ಣನ ಔಷಧಗಳು, ಒಕ್ಕಲಿಗ ಮುದ್ದಣ್ಣನ ಹೊಲ, ಇವೆಲ್ಲ ಬೇಗನೆ ಇಂದ್ರಿಯಗಳಾಗಿ, ಭವರೋಗವಾಗಿ, ದೇಹವಾಗಿ ಮಾರ್ಪಡುತ್ತವೆ. ಅದರಲ್ಲಿ ಕಾವ್ಯದ ಸೊಗಸಿದೆ. ಆದರೆ ಕೆಲಸ ಅಲ್ಲಿ ಒಂದು ಏಣಿ, ಹತ್ತಿದ ಮೇಲೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಲಕ್ಕಮ್ಮನಲ್ಲಿ ಅಕ್ಕಿ ಕೊನೆಯವರೆಗೂ ಅಕ್ಕಿಯಾಗಿಯೇ ಇರುತ್ತದೆ. ಅದು ಜ್ಞಾನವೂ ಆಗುವುದಿಲ್ಲ, ಭಕ್ತಿಯೂ ಆಗುವುದಿಲ್ಲ. ಸೇರು-ಪಾವಿನಲ್ಲಿ ಅಳೆಯಬಹುದಾದ, ಹೆಚ್ಚಾದರೆ ಮರಳಿಸಬಹುದಾದ ಪದಾರ್ಥ. ವಚನಕಾರರ ನಡುವೆ ಅವಳ ವೈಶಿಷ್ಟ್ಯ ಇದೇ ಎಂದು ನನ್ನ ಅಭಿಪ್ರಾಯ.

ಇವೆರಡರ ನಡುವೆ ನಿಲ್ಲುವ ಒಂದು ವಚನವಿದೆ. ಅದು ಕದಿರ ರೆಮ್ಮವ್ವೆಯದು. ಅವಳು ನೂಲುವವಳು. ತನ್ನ ರಾಟೆಯ ಕುಲವನ್ನು ಹೇಳುತ್ತೇನೆಂದು ತೊಡಗಿ, ಅದರ ಅಡಿಯ ಹಲಗೆಯನ್ನು ಬ್ರಹ್ಮನನ್ನಾಗಿ, ತೋರಣವನ್ನು ವಿಷ್ಣುವನ್ನಾಗಿ, ನಿಂತ ಬೊಂಬೆಯನ್ನು ರುದ್ರನನ್ನಾಗಿ ಕಾಣಿಸುತ್ತಾಳೆ. ಅರಿವು ಕದಿರಾಗುತ್ತದೆ, ಭಕ್ತಿ ಕೈಯಾಗುತ್ತದೆ, ನೂಲು ಸುತ್ತಿ ಕದಿರು ತುಂಬುತ್ತದೆ. ಇಷ್ಟಕ್ಕೆ ನಿಂತಿದ್ದರೆ ಅದು ನಾನು ಮಾಡುವ ಭಾಷಣದಂತೆಯೇ ಇರುತ್ತಿತ್ತು. ಕೊನೆಯಲ್ಲಿ ರೆಮ್ಮವ್ವೆ ಒಮ್ಮೆಲೇ ದನಿ ಬದಲಿಸುತ್ತಾಳೆ: ಇನ್ನು ರಾಟೆ ತಿರುವಲು ಆಗದು, ಗಂಡ ಹೊಡೆಯುತ್ತಾನೆ, ಏನು ಮಾಡಲಿ ಎಂದು ತನ್ನ ದೇವರನ್ನು ಕೇಳುತ್ತಾಳೆ. ಈ ಗಂಡ ಲಿಂಗವೆಂದೂ, ಈ ಹೊಡೆತ ಆಧ್ಯಾತ್ಮಿಕವೆಂದೂ ವ್ಯಾಖ್ಯಾನ ಮಾಡಬಹುದು, ಮಾಡಿದವರಿದ್ದಾರೆ. ಆ ವ್ಯಾಖ್ಯಾನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೋಯುವ ತೋಳು ಮೊದಲು ನೋಯುವ ತೋಳು, ಆಮೇಲೆ ಸಂಕೇತ. ಬ್ರಹ್ಮ-ವಿಷ್ಣು-ರುದ್ರರನ್ನು ತನ್ನ ರಾಟೆಯಲ್ಲಿ ಕಂಡವಳಿಗೂ ದಣಿವಾಗುತ್ತದೆ. ಆ ದಣಿವನ್ನು ದೇವರ ಮುಂದೆ ಹೇಳಿಕೊಳ್ಳಲು ಅವಳಿಗೆ ನಾಚಿಕೆಯಿಲ್ಲ. ಕೆಲಸದಲ್ಲಿ ಸಂತೋಷ ಕಾಣಬೇಕೆಂದು ಉಪದೇಶ ಮಾಡುವ ಇಂದಿನ ಪುಸ್ತಕಗಳು ಅಂಗಡಿಗಳಲ್ಲಿ ರಾಶಿಯಾಗಿವೆ. ನಗುನಗುತ್ತ ಇರಿ, ದೂರು ಹೇಳಬೇಡಿ ಎಂಬುದು ಅವುಗಳ ಸಾರ. ರೆಮ್ಮವ್ವೆ ದೂರು ಹೇಳಿದಳು. ಆ ದೂರು ಅವಳ ಕಾಯಕಕ್ಕೆ ಕುಂದು ತರಲಿಲ್ಲ. ಅದು ವಚನವಾಗಿಯೇ ಉಳಿಯಿತು.

ಲಕ್ಕಮ್ಮನನ್ನು ಹೀಗೆ ಎತ್ತಿಹಿಡಿಯುವಾಗ ಅವಳ ಮೇಲೆ ಬರಬಹುದಾದ ಆಕ್ಷೇಪವನ್ನೂ ಎದುರಿಸಬೇಕು. ಅವಳ ಒಂದು ವಚನ, ಮಾಡುವ ಕೆಲಸ ಇರುವವರೆಗೆ ಬೇರೆ ಪದವಿಯನ್ನು ಹುಡುಕುವುದೇಕೆ, ದಾಸೋಹವನ್ನು ಬಿಟ್ಟು ಕೈಲಾಸದ ಆಸೆ ಬೇಡ, ಲಿಂಗವಿದ್ದ ಜಾಗವೇ ಕೈಲಾಸ ಎನ್ನುತ್ತದೆ. ಇನ್ನೊಂದರಲ್ಲಿ, ಶುದ್ಧ ಚಿತ್ತದಿಂದ ಕಾಯಕ ಮಾಡುವವರಿಗೆ ಬಡತನವೆಂಬುದೇ ಇಲ್ಲ ಎಂಬ ಭಾವವಿದೆ. ಅಕ್ಕಿ ಚೆಲ್ಲುವಷ್ಟು ಕಣಜ ಕೆಲವರಿಗೇಕೆ, ಆಯುವ ಸ್ಥಿತಿ ಕೆಲವರಿಗೇಕೆ ಎಂದು ಅವಳು ಕೇಳಲಿಲ್ಲವಲ್ಲ ಎಂದು ಇಂದಿನ ಓದುಗ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅವಳು ಆ ಪ್ರಶ್ನೆಯನ್ನು ಆ ಮಾತುಗಳಲ್ಲಿ ಕೇಳಲಿಲ್ಲ. ಕೇಳಿದಳೆಂದು ಎಳೆದು ಅರ್ಥಮಾಡುವುದು ಅವಳಿಗೂ ನಮಗೂ ಶೋಭೆಯಲ್ಲ. ಬಡತನವಿಲ್ಲವೆಂಬ ಮಾತನ್ನು ಬಡತನದಲ್ಲಿದ್ದು ಅವಳು ತನ್ನ ಬಗ್ಗೆ ಹೇಳಿಕೊಂಡಳು. ಉಳ್ಳವನು ಇಲ್ಲದವನಿಗೆ ಅದೇ ಮಾತನ್ನು ಹೇಳಿದರೆ ಪದಗಳು ಬದಲಾಗುವುದಿಲ್ಲ, ಅರ್ಥ ಬದಲಾಗುತ್ತದೆ. ವಚನವನ್ನು ಓದುವಾಗ ಅದನ್ನು ಯಾರು, ಯಾರಿಗೆ ಹೇಳುತ್ತಿದ್ದಾರೆಂಬುದನ್ನು ಬಿಡಬಾರದೆಂದು ನಮ್ಮ ಗುರುಗಳು ತರಗತಿಯಲ್ಲಿ ಹೇಳುತ್ತಿದ್ದರು. ಪರೀಕ್ಷೆಗೆ ಬರೆದು ಮರೆತ ಮಾತದು. ನನಗದು ತಿಳಿಯಲು ಒಬ್ಬ ಪೌರಕಾರ್ಮಿಕಳ ಪ್ರಶ್ನೆ ಬೇಕಾಯಿತು.

ಎಲ್ಲ ಕೆಲಸವೂ ಕಾಯಕವೇ ಎಂಬ ಸಡಿಲ ಮಾತಿಗೂ ಇಲ್ಲಿ ಕಡಿವಾಣ ಹಾಕಬೇಕಾಗುತ್ತದೆ. ಮನುಷ್ಯನ ಕೈಯಿಂದ ಮಲ ಬಾಚಿಸುವುದನ್ನು ನಮ್ಮ ದೇಶದ ಕಾನೂನು 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನಷ್ಟು ಬಿಗಿಯಾಗಿ ನಿಷೇಧಿಸಿತು. ಅದರಲ್ಲಿ ದೈವತ್ವವನ್ನು ಕಾಣಿರೆಂದು ಹೇಳುವುದು ಶರಣರ ಹೆಸರಿಗೆ ಮಸಿ ಬಳಿಯುವ ಕೆಲಸ. ಕಾಯಕಕ್ಕೆ ಶರಣರು ಸತ್ಯಶುದ್ಧವೆಂಬ ವಿಶೇಷಣವನ್ನು ಸುಮ್ಮನೆ ಹಚ್ಚಲಿಲ್ಲ. ಅದು ಮಾಡುವವನ ಮೇಲೆಷ್ಟೋ ಮಾಡಿಸುವವನ ಮೇಲೂ ಅಷ್ಟೇ ಬೀಳುವ ಹೊರೆ.

ಕಥೆಯ ಉಳಿದ ಭಾಗ ನಿಮಗೆ ಗೊತ್ತು. ಮಾರಯ್ಯ ಹೆಚ್ಚಿನ ಅಕ್ಕಿಯನ್ನು ಸುರಿದು ಬಂದನು. ಅನಂತರ ಲಕ್ಕಮ್ಮ ಉಳಿದ ಹಿಡಿ ಅಕ್ಕಿಯಲ್ಲಿಯೇ ಬಸವಣ್ಣನವರಿಗೂ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೂ ಉಣಬಡಿಸಿದಳೆಂದು ಭಕ್ತರು ಹೇಳುತ್ತಾರೆ. ಪವಾಡವನ್ನು ನಂಬುವವರು ನಂಬಲಿ. ನನ್ನ ಮನಸ್ಸು ನಿಲ್ಲುವುದು ಅದಕ್ಕೂ ಮುಂಚಿನ ಗಳಿಗೆಯಲ್ಲಿ. ಬಿಸಿಲಲ್ಲಿ ಬಗ್ಗಿ ಕಾಳುಕಾಳಾಗಿ ಆಯ್ದದ್ದನ್ನು ಅದೇ ಬೀದಿಗೆ ಹಿಂದಕ್ಕೊಯ್ದು ಸುರಿಯುವಾಗ ಮಾರಯ್ಯನಿಗೆ ಏನನ್ನಿಸಿತು? ಅವನು ಆ ಬಗ್ಗೆ ವಚನ ಬರೆದಂತೆ ಕಾಣೆ.

ಆ ಹೆಣ್ಣುಮಗಳನ್ನು ನಾನು ಮತ್ತೊಮ್ಮೆ ಭೇಟಿಯಾದೆ. ಈ ಸಲ ಭಾಷಣಕ್ಕೆ ಹೋಗಿರಲಿಲ್ಲ. ಅವರ ಬಾಕಿ ಪಗಾರದ ಅರ್ಜಿಯನ್ನು ಬರೆದುಕೊಡಲು ಹೋಗಿದ್ದೆ. ಕಾನೂನಿನ ಕನ್ನಡ ನನಗೆ ಅಷ್ಟಾಗಿ ಬಾರದು, ಮೂರು ಸಲ ತಿದ್ದಬೇಕಾಯಿತು. ಅವಳು ಪಕ್ಕದಲ್ಲಿ ಕುಳಿತು ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋದಳು, ಹದಿನೇಳು ಹೆಸರುಗಳಾದವು. ಹದಿನೆಂಟನೆಯದು ತನ್ನದೆಂದು ಹೇಳಿ, ಅದನ್ನು ಕೊನೆಗೇ ಬರೆಯಬೇಕೆಂದಳು.